ಗುರ್ ಎನ್ನುವ ನಾಯಿಗೆ ಹೊಡೆಯಬೇಡಿ, ಮೊದಲು ಅದರ ಕಿವಿ ನೋಡಿ

ಪ್ರಶ್ನೆ: ನಮ್ಮ ಊರು ಗದಗ, ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇವೆ. ಲಾಕ್‌ಡೌನ್ ಸಮಯದಲ್ಲಿ ನಲವತ್ತು ದಿನದ ಲ್ಯಾಬ್ರಡಾರ್ ಗಂಡು ಮರಿ ತಂದೆವು. ಹೆಸರು ಬ್ರೂನೋ. ಇಷ್ಟು ವರ್ಷ ಮುದ್ದಾಗಿಯೇ ಇದ್ದ. ಈ ಮಳೆಗಾಲ ಶುರುವಾದಾಗಿನಿಂದ ಬಹಳ ಸಿಡುಕು. ಆಗಾಗ ತಲೆ ಕೊಡವುತ್ತಾನೆ. ತಲೆ ಮುಟ್ಟಿದರೆ, ಸೋಫಾದಿಂದ ಇಳಿಸಲು ಹೋದರೆ ಗುರ್ ಅನ್ನುತ್ತಾನೆ. ಲಿಫ್ಟ್‌ನಲ್ಲಿ ಡೆಲಿವರಿ ಹುಡುಗರ ಮೇಲೆ ಹಾರುವುದು ಮೊದಲಿನಿಂದಲೂ ಇತ್ತು, ಈಗ ಜಾಸ್ತಿಯಾಗಿದೆ. ಒಬ್ಬ ಟ್ರೇನರ್ ಬಂದು, "ಇದು ಮನೆಯ ಯಜಮಾನ ಆಗಲು ನೋಡುತ್ತಿದೆ, ನೆಲಕ್ಕೆ ಕೆಡವಿ ಅದುಮಿ ಹಿಡಿಯಿರಿ" ಅಂದರು. ನಮ್ಮವರು ಹಾಗೇ ಮಾಡಿದರು, ಪೇಪರ್ ಸುತ್ತಿ ಹೊಡೆದರು ಕೂಡ. ಗುರ್ ಅನ್ನುವುದು ನಿಂತಿತು. ಆದರೆ ಗಣಪತಿ ವಿಸರ್ಜನೆಯ ದಿನ, ಮನೆ ತುಂಬ ಜನ ಇದ್ದಾಗ, ಬಾಯಲ್ಲಿದ್ದ ಮೋದಕ ಬಿಡಿಸಲು ಹೋದ ಮಾವನವರ ಕೈಗೆ ಸದ್ದಿಲ್ಲದೆ ಕಚ್ಚಿಬಿಟ್ಟ. ರಕ್ತ ಬಂತು, ಅರಿಶಿನ ಹಚ್ಚಿದೆವು. ಸೊಸೈಟಿಯಿಂದ ನೋಟಿಸ್ ಬಂದಿದೆ. ಎಲ್ಲಾದರೂ ಬಿಟ್ಟು ಬನ್ನಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬ್ರೂನೋ ವಿಷಯಕ್ಕೆ ಬರುವ ಮೊದಲು ನಿಮ್ಮ ಮಾವನವರ ಕೈ. ಅವರನ್ನು ಇನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿಲ್ಲ ಅಂದರೆ ಇವತ್ತೇ ಹೋಗಿ. ದಿನ ಕಳೆದಿದೆ, ಗಾಯ ಮಾಯುತ್ತಿದೆ, ಮನೆಯ ನಾಯಿ ತಾನೇ ಎಂದು ಸುಮ್ನೆ ಕೂರಬೇಡಿ. ಹಲ್ಲು ಊರಿ ರಕ್ತ ಬಂದ ಗಾಯ ರೇಬೀಸ್ ಲೆಕ್ಕದಲ್ಲಿ ಮೂರನೇ ದರ್ಜೆಯದು, ಅಂದರೆ ಎಲ್ಲಕ್ಕಿಂತ ಗಂಭೀರವಾದದ್ದು. ಅದಕ್ಕೆ ರೇಬೀಸ್ ಲಸಿಕೆ ಬೇಕು, ಗಾಯದ ಒಳಗೆ ಮತ್ತು ಸುತ್ತ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಲಸಿಕೆಯನ್ನು ಚರ್ಮದೊಳಗೆ ಕೊಡುವುದಾದರೆ 0 (ಅಂದರೆ ಮೊದಲ ಡೋಸ್‌ನ ದಿನ), 3, 7 ಮತ್ತು 28ನೇ ದಿನ. ತೋಳಿನ ಸ್ನಾಯುವಿಗೆ ಕೊಡುವುದಾದರೆ ನಡುವೆ 14ನೇ ದಿನವೂ ಒಂದು. ಜೊತೆಗೆ ಟಿಟಿ ಬೇಕೇ ಎಂದು ಕೇಳಿ. ಬ್ರೂನೋನ ಲಸಿಕೆ ಕಾರ್ಡ್ ತೆಗೆದುಕೊಂಡು ಹೋಗಿ. ಕಚ್ಚಿದ ದಿನದಿಂದ 10 ದಿನ ಅವನು ಆರೋಗ್ಯವಾಗಿ ಇದ್ದಾನೆಯೇ ಎಂಬುದನ್ನೂ ಡಾಕ್ಟರ್‌ಗೆ ತಿಳಿಸಿ. ಎಷ್ಟು ಡೋಸ್ ಬೇಕು ಎನ್ನುವುದು ಅವರ ತೀರ್ಮಾನ, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಇನ್ನು ಮುಂದೆ ಯಾರಿಗೇ ಯಾವ ನಾಯಿ ಕಚ್ಚಲಿ, ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ತಡೆಯುವುದು ಸಾಧ್ಯ. ನಮ್ಮ ಪಕ್ಕದ ಗೋವಾದಲ್ಲಿ 2014ರಿಂದ ಬೀದಿ ಬೀದಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು. 2021ರಲ್ಲಿ ಅದು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಣೆಯಾದ ದೇಶದ ಮೊದಲ ರಾಜ್ಯವಾಯಿತು. ಬ್ರೂನೋನ ವರ್ಷದ ಲಸಿಕೆ ತಪ್ಪಿದ್ದರೆ ಪಶುವೈದ್ಯರಿಗೆ ಮೊದಲೇ ತಿಳಿಸಿ.

ಈಗ ಬ್ರೂನೋ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಮಾತಿನ ಮೇಲೆ. ಒಂದು, "ಈ ಮಳೆಗಾಲ ಶುರುವಾದಾಗಿನಿಂದ". ಇನ್ನೊಂದು, "ತಲೆ ಕೊಡವುತ್ತಾನೆ". ವರ್ಷಗಟ್ಟಲೆ ಮುದ್ದಾಗಿದ್ದ ನಾಯಿ ಒಂದು ಋತುವಿನಲ್ಲಿ ಬದಲಾಯಿತು ಅಂದರೆ, ಅದಕ್ಕೆ ಏಕಾಏಕಿ ಯಜಮಾನಿಕೆಯ ಆಸೆ ಹುಟ್ಟಿತು ಎಂದು ನಾನು ನಂಬುವುದಿಲ್ಲ. ಅದರ ಮೈಯಲ್ಲಿ ಏನೋ ನೋಯುತ್ತಿದೆಯೇ ಎಂದು ಮೊದಲು ನೋಡುತ್ತೇನೆ. ಲ್ಯಾಬ್ರಡಾರ್‌ನ ಕಿವಿ ಜೋತುಬಿದ್ದ ಕಿವಿ, ಒಳಗೆ ಗಾಳಿ ಆಡುವುದಿಲ್ಲ. ಕಿವಿಯ ಕೊಳವೆ ಮೊದಲು ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಹಾಗಾಗಿ ತೇವ ಅಲ್ಲೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಕಡೆ ಹಾಸಿಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ನಾಯಿಯ ಕಿವಿ ಒಣಗುತ್ತದೆಯೇ? ಆ ತೇವದಲ್ಲಿ ಮಲಾಸೀಜಿಯಾ ಎಂಬ ಬೂಷ್ಟು ಬೆಳೆಯುತ್ತದೆ, ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಪ್ರತಿ ಮಳೆಗಾಲದಲ್ಲೂ ನಮ್ಮ ಕ್ಲಿನಿಕ್‌ಗಳಲ್ಲಿ ಇದೇ ಸಾಲು.

ನೀವೇ ಒಂದು ಸಲ ನೋಡಬಹುದು. ಬ್ರೂನೋ ತಾನಾಗಿ ಬಂದು ಪಕ್ಕದಲ್ಲಿ ಮಲಗಿದ್ದಾಗ ಮಾತ್ರ. ಅವನ ಮೇಲೆ ಬಾಗಬೇಡಿ. ಕಿವಿ ಮುಟ್ಟದೆ ಹತ್ತಿರದಿಂದ ವಾಸನೆ ನೋಡಿ. ಆರೋಗ್ಯವಾದ ಕಿವಿಗೆ ವಾಸನೆ ಇರುವುದಿಲ್ಲ ಅನ್ನಬಹುದು. ಸೋಂಕಾದ ಕಿವಿ ಹುಳಿ ಹಿಟ್ಟಿನ ವಾಸನೆ ಹೊಡೆಯುತ್ತದೆ, ಕೆಲವೊಮ್ಮೆ ಕೊಳೆತ ನಾತ. ಅವನು ಬಿಟ್ಟುಕೊಟ್ಟರೆ ಕಿವಿಯ ಹಾಳೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ. ಒಳಗೆ ಕೆಂಪಗಿದೆಯೇ, ಕಂದು ಬಣ್ಣದ ಜಿಗುಟು ಇದೆಯೇ, ಒಂದು ಕಿವಿ ಇನ್ನೊಂದಕ್ಕಿಂತ ಬಿಸಿ ಇದೆಯೇ? ಅವನು ಮೈ ಬಿಗಿ ಮಾಡಿದರೆ, ಮುಖ ತಿರುಗಿಸಿದರೆ, ಅಲ್ಲಿಗೇ ಬಿಡಿ. ಅದೇ ಒಂದು ಉತ್ತರ. ಹತ್ತಿ ಕಡ್ಡಿ ಹಾಕಬೇಡಿ. ಕೊಬ್ಬರಿ ಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್, ಪಕ್ಕದ ಮನೆಯ ನಾಯಿಗೆ ಬರೆದುಕೊಟ್ಟ ಡ್ರಾಪ್ಸ್ ಯಾವುದೂ ಬೇಡ. ಒಳಗಿನ ತಮಟೆ ಹರಿದಿದ್ದರೆ ಅವು ಕೇಡು ಮಾಡುತ್ತವೆ.

ಪಶುವೈದ್ಯರು ಆಟೊಸ್ಕೋಪ್ ಹಾಕಿ ತಮಟೆ ನೋಡುತ್ತಾರೆ, ಒಳಗಿನ ಕೊಳೆಯನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ಪರೀಕ್ಷಿಸುತ್ತಾರೆ. ಬೂಷ್ಟೋ ಬ್ಯಾಕ್ಟೀರಿಯಾವೋ ಎಂದು ತಿಳಿದ ಮೇಲೆ ಔಷಧಿ. ವಾಸನೆ ಹೋಯಿತು ಎಂದು ನಡುವೆ ನಿಲ್ಲಿಸಬೇಡಿ. ಮತ್ತೆ ತೋರಿಸಿ, ವೈದ್ಯರು ಸಾಕು ಅಂದ ಮೇಲೆ ನಿಲ್ಲಿಸಿ. ಲ್ಯಾಬ್ರಡಾರ್‌ಗಳಲ್ಲಿ ಕಿವಿ ಸೋಂಕಿನ ಹಿಂದೆ ಅಲರ್ಜಿ ಇರುವುದು ಜಾಸ್ತಿ, ಆದ್ದರಿಂದ ಪಾದ ನೆಕ್ಕುವುದು, ಹೊಟ್ಟೆ ಕೆರೆಯುವುದು ಇದ್ದರೆ ಅದನ್ನೂ ಹೇಳಿ. ಹಾಗೆಯೇ ಸೊಂಟ, ಮೊಣಗಂಟು, ಹಲ್ಲು ನೋಡಿಸಿ. ಉಣ್ಣಿ ಜ್ವರಕ್ಕೆ ಮತ್ತು ಥೈರಾಯ್ಡ್‌ಗೆ ರಕ್ತ ಪರೀಕ್ಷೆ ಮಾಡಿಸಿ. ಸೋಫಾದಿಂದ ಇಳಿಯುವಾಗ ಅವನು ತಡವರಿಸುತ್ತಾನೆಯೇ, ಮೆಟ್ಟಿಲು ಹತ್ತುವಾಗ ಎರಡೂ ಹಿಂಗಾಲು ಒಟ್ಟಿಗೆ ಎತ್ತಿಡುತ್ತಾನೆಯೇ ಎಂದು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಕ್ಲಿನಿಕ್‌ನಲ್ಲಿ ಗಾಬರಿಗೆ ನಾಯಿ ಕುಂಟುವುದನ್ನೇ ಮರೆತುಬಿಡುತ್ತದೆ. ನೋವು ಎಂದು ಅನುಮಾನ ಬಂದರೂ ಮನೆಯಲ್ಲಿರುವ ಐಬುಪ್ರೊಫೆನ್ ಕೊಡಬೇಡಿ. ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ವಿಷ.

ನೋವು ಮತ್ತು ಸಿಟ್ಟಿನ ನಂಟು ನನ್ನ ಊಹೆಯಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಇದನ್ನೇ ಕೂಲಂಕಷವಾಗಿ ಬರೆದರು. ನಡವಳಿಕೆಯ ತೊಂದರೆ ಎಂದು ತಜ್ಞರ ಹತ್ತಿರ ಬರುವ ಪ್ರಾಣಿಗಳಲ್ಲಿ, ಕಡಿಮೆ ಅಂದರೂ ಮೂರರಲ್ಲಿ ಒಂದಕ್ಕೆ ಎಲ್ಲೋ ನೋವಿರುತ್ತದೆ ಎಂಬುದು ಅವರ ಅಂದಾಜು. ಠಾಣೆಯ ಒಂದು ಮನೆಯ ಪಮೇರಿಯನ್ ನನಗೆ ನೆನಪಾಗುತ್ತದೆ. ಮಕ್ಕಳು ಎತ್ತಿಕೊಂಡರೆ ಕಚ್ಚುತ್ತದೆ, ಮಕ್ಕಳನ್ನು ಕಂಡರೆ ಹೊಟ್ಟೆಕಿಚ್ಚು ಎಂದು ಮನೆಯವರ ದೂರು. ಟೇಬಲ್ ಮೇಲೆ ನಿಲ್ಲಿಸಿ ಹಿಂಗಾಲು ಹಿಡಿದು ಮಡಚಿದರೆ ಮೊಣಕಾಲಿನ ಚಿಪ್ಪು ಕೈಗೆ ಸಿಗುವ ಹಾಗೆ ಪಕ್ಕಕ್ಕೆ ಜಾರುತ್ತಿತ್ತು. ಮಕ್ಕಳು ಅದನ್ನು ಹಿಂಗಾಲಿನ ಕೆಳಗೆ ಕೈ ಹಾಕಿ ಎತ್ತುತ್ತಿದ್ದರು. ದೊಡ್ಡವರು ಎದೆ ಮತ್ತು ಹೊಟ್ಟೆಗೆ ಕೈಕೊಟ್ಟು ಎತ್ತುತ್ತಿದ್ದರು, ಅವರಿಗೆ ಅದು ಕಚ್ಚುತ್ತಿರಲಿಲ್ಲ.

ಕಿವಿ ಗುಣವಾದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಹೇಳಲಾರೆ. ಏಕೆಂದರೆ ನಡುವೆ ಒಂದು ದೊಡ್ಡ ಅನಾಹುತ ಆಗಿದೆ. ಅವನ ಗುರ್ ಸದ್ದನ್ನು ನೀವು ನಿಲ್ಲಿಸಿಬಿಟ್ಟಿದ್ದೀರಿ.

ಇದನ್ನು ನಾನು ಬೈಯಲು ಹೇಳುತ್ತಿಲ್ಲ. ಹಣ ಕೊಟ್ಟು ಕರೆಸಿದ ಟ್ರೇನರ್ ಹೇಳಿದರೆ ಯಾರಾದರೂ ನಂಬುತ್ತಾರೆ. ಆದರೆ ಅದು ತಪ್ಪು ಸಲಹೆ, ಇದನ್ನು ಓದುವ ಪ್ರತಿಯೊಬ್ಬರಿಗೂ ಗೊತ್ತಾಗಬೇಕು. ನಾಯಿ ಗುರ್ ಅನ್ನುವುದು "ಸಾಕು, ನನಗೆ ಇದು ಆಗುತ್ತಿಲ್ಲ, ದೂರ ಸರಿ" ಎಂದು ಹೇಳಲು. ಕಚ್ಚುವುದನ್ನು ತಪ್ಪಿಸಲು ಅದಕ್ಕೆ ಇರುವ ಒಳ್ಳೆಯ ದಾರಿ ಅದೇ. ಗುರ್ ಅಂದಾಗಲೆಲ್ಲ ಏಟು ಬಿದ್ದರೆ ಅದು ಗುರ್ ಅನ್ನುವುದನ್ನು ಬಿಡುತ್ತದೆ. ಕಿವಿ ನೋವು ಹಾಗೇ ಇರುತ್ತದೆ, ಭಯ ಹಾಗೇ ಇರುತ್ತದೆ, ಈಗ ಅದರ ಜೊತೆ ಮನೆಯವರ ಕೈಯ ಭಯವೂ ಸೇರುತ್ತದೆ. ಆಮೇಲೆ ಒಂದು ದಿನ ಸೂಚನೆಯೇ ಇಲ್ಲದೆ ಹಲ್ಲು ಬೀಳುತ್ತದೆ. "ಸದ್ದಿಲ್ಲದೆ ಕಚ್ಚಿಬಿಟ್ಟ" ಎಂದು ನೀವೇ ಬರೆದಿದ್ದೀರಲ್ವಾ, ಅದು ಹೀಗೆ ಆದದ್ದು. ಇನ್ನು ಮೇಲೆ ಬ್ರೂನೋ ಗುರ್ ಅಂದರೆ ಬೈಯದೆ, ಹೊಡೆಯದೆ, ಮಾಡುತ್ತಿದ್ದುದನ್ನು ನಿಲ್ಲಿಸಿ ಒಂದೆರಡು ಹೆಜ್ಜೆ ಹಿಂದೆ ಸರಿಯಿರಿ. ಅವನಿಗೆ ಸಲಿಗೆ ಕೊಟ್ಟ ಹಾಗಾಗುವುದಿಲ್ಲವೇ ಎಂದು ನಿಮ್ಮ ಯಜಮಾನರು ಕೇಳಬಹುದು. ಆಗುವುದಿಲ್ಲ. ಯಾವುದಕ್ಕೆ ಗುರ್ ಅಂದ ಎಂದು ಬರೆದಿಟ್ಟುಕೊಳ್ಳಿ, ಆ ಕಾರಣದ ಮೇಲೆ ಆಮೇಲೆ ಕೆಲಸ ಮಾಡೋಣ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಡವಳಿಕೆ ಚಿಕಿತ್ಸೆಗೆ ನಾಯಿ ಕರೆತಂದವರನ್ನು, ನೀವು ಮನೆಯಲ್ಲಿ ಏನೇನು ಮಾಡಿ ನೋಡಿದಿರಿ, ನಾಯಿ ಏನು ಮಾಡಿತು ಎಂದು ಕೇಳಿದರು. ಹೊಡೆದವರು ಅಥವಾ ಒದ್ದವರಲ್ಲಿ ಶೇಕಡಾ 43 ಜನರ ಮೇಲೆ ನಾಯಿ ತಿರುಗಿಬಿದ್ದಿತ್ತು. ಬಾಯಿಂದ ವಸ್ತುವನ್ನು ಬಲವಂತವಾಗಿ ಬಿಡಿಸಲು ಹೋದವರಲ್ಲಿ ಶೇಕಡಾ 39. ಅಂಗಾತ ಕೆಡವಿ ಅದುಮಿದವರಲ್ಲಿ ಶೇಕಡಾ 31. ನಿಮ್ಮ ಮನೆಯಲ್ಲಿ ಈ ಮೂರೂ ಆಗಿವೆ. ನೋಯುವ ಕಿವಿಯನ್ನು ನೆಲಕ್ಕೆ ಒತ್ತಿ ಹಿಡಿದರೆ ಅವನಿಗೆ ಏನಾಗಿರಬೇಕು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಈ ಯಜಮಾನಿಕೆಯ ಮಾತು ಬಂದದ್ದು ತೋಳಗಳಿಂದ. ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳ ಜಗಳ ನೋಡಿ 1947ರಲ್ಲಿ ಬರೆದದ್ದು ಎಲ್ಲೆಡೆ ಹಬ್ಬಿತು. ಆ ಮಾತನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳ ಸಂಶೋಧಕ ಡೇವಿಡ್ ಮೀಚ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ತೋರಿಸಿದರು. ಇಷ್ಟಾದರೂ ನಮ್ಮಲ್ಲಿ ಟ್ರೇನರ್‌ಗಳು ಮರಿಗಳನ್ನು ನೆಲಕ್ಕೆ ಕೆಡವುವುದು ನಿಂತಿಲ್ಲ.

ವಿಸರ್ಜನೆಯ ದಿನವನ್ನು ಬ್ರೂನೋನ ಕಡೆಯಿಂದ ಸ್ವಲ್ಪ ನೋಡಿ. ಕಿವಿಯಲ್ಲಿ ನೋವು, ಅದೇ ಕಿವಿಗೆ ಬೆಳಗಿನಿಂದ ಢೋಲ್ ತಾಶಾ. ಬಾಗಿಲು ತೆರೆದೇ ಇದೆ, ಗೊತ್ತಿಲ್ಲದ ಜನ ಬರುತ್ತಾರೆ, ಹೋಗುತ್ತಾರೆ. ಮಕ್ಕಳು ಬಾಲ ಎಳೆಯುತ್ತಾರೆ. ಅವನು ಮಲಗುವ ಜಾಗದಲ್ಲಿ ಯಾರದೋ ಬ್ಯಾಗು. ಹೊತ್ತಿಗೆ ಸರಿಯಾಗಿ ವಾಕಿಂಗ್ ಇಲ್ಲ. ಇದರಲ್ಲಿ ಯಾವುದೊಂದೂ ಕಚ್ಚಿಸುವಷ್ಟು ದೊಡ್ಡದಲ್ಲ. ಆದರೆ ಒಂದೊಂದು ಚೊಂಬು ನೀರು ಬಿದ್ದು ಕೊಡ ತುಂಬುವ ಹಾಗೆ ತುಂಬುತ್ತದೆ, ಕೊನೆಯ ಚೊಂಬಿಗೆ ತುಳುಕುತ್ತದೆ. ಮೋದಕ ಆ ಕೊನೆಯ ಚೊಂಬು. ಗದ್ದಲ ಮುಗಿದ ಮೇಲೂ ನಾಯಿಯ ಗಾಬರಿ ಬೇಗ ಇಳಿಯುವುದಿಲ್ಲ. ಮಾರನೆಯ ದಿನವೂ ಅದು ಸಣ್ಣದಕ್ಕೆಲ್ಲ ಬೆಚ್ಚುತ್ತಿರುತ್ತದೆ.

ಕಚ್ಚುವ ಮೊದಲು ಅವನು ಏನೂ ಹೇಳಿರಲಿಕ್ಕಿಲ್ಲ ಎಂದುಕೊಳ್ಳಬೇಡಿ. ಗುರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿರುತ್ತಾನೆ. ತಿನ್ನಲು ಏನೂ ಇಲ್ಲದಾಗ ಮೂತಿ ನೆಕ್ಕಿಕೊಳ್ಳುವುದು. ನಿದ್ದೆ ಬಾರದ ಹೊತ್ತಲ್ಲಿ ಆಕಳಿಸುವುದು. ಮುಖ ಆಚೆ ತಿರುಗಿಸಿ ಕಣ್ಣು ಮಾತ್ರ ನಿಮ್ಮ ಕಡೆ ಇಡುವುದು, ಆಗ ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಷ್ಟು ಕಾಣುತ್ತದೆ. ಕಿವಿ ಹಿಂದಕ್ಕೆ ಅಂಟುವುದು, ಒಂದು ಮುಂಗಾಲು ಎತ್ತುವುದು, ಬಾಲ ಕಾಲ ಸಂದಿಗೆ ಹೋಗುವುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು. ತಿನ್ನುತ್ತಿದ್ದ ನಾಯಿ ಅಗಿಯುವುದನ್ನು ನಿಲ್ಲಿಸಿ, ಬಾಯಿ ಮುಚ್ಚಿ, ಅಲ್ಲಾಡದೆ ಸೆಟೆದು ನಿಲ್ಲುತ್ತದೆ. ಉಸಿರೂ ಬಿಗಿ ಹಿಡಿಯುತ್ತದೆ. ಒಂದು ಕ್ಷಣ ಅಷ್ಟೇ. ಆ ಕ್ಷಣದಲ್ಲಿ ಚಾಚಿದ ಕೈ ಹಿಂದೆ ಬರಬೇಕು. ಬಾಲ ಅಲ್ಲಾಡುತ್ತಿದೆ, ಆದ್ದರಿಂದ ಖುಷಿಯಲ್ಲಿದೆ ಎಂದು ನಂಬಬೇಡಿ. ಬಾಲ ಮೇಲಕ್ಕೆ ನಿಗುರಿ, ಗಡುಸಾಗಿ, ಸಣ್ಣಗೆ ಕಂಪಿಸುತ್ತಿದ್ದರೆ ಅದು ಖುಷಿಯಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುವ ಗಾದೆಯನ್ನೂ ಮಕ್ಕಳಿಗೆ ಹೇಳಿಕೊಡಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ.

ಮೋದಕದ ವಿಷಯ ಬೇರೆಯಾಗಿ ಹೇಳಬೇಕು. ಬಾಯಲ್ಲಿರುವುದನ್ನು, ತಟ್ಟೆಯನ್ನು, ಮಲಗುವ ಜಾಗವನ್ನು ಕಾಯುವುದು ನಾಯಿಯ ಹುಟ್ಟುಗುಣ. ಅದನ್ನು ಪೂರ್ತಿ ಅಳಿಸಲಾಗದು, ಆದರೆ ಕಾಯುವ ಅಗತ್ಯವೇ ಇಲ್ಲ ಎಂದು ಅದಕ್ಕೆ ಮನವರಿಕೆ ಮಾಡಬಹುದು. ನಾವು ಮಾಡುವುದು ಇದರ ಉಲ್ಟಾ. ಮರಿ ಚಪ್ಪಲಿ ಕಚ್ಚಿಕೊಂಡರೆ ಓಡಿಹೋಗಿ ಬಾಯಿಗೆ ಬೆರಳು ಹಾಕಿ ಕಿತ್ತುಕೊಳ್ಳುತ್ತೇವೆ. ಮನುಷ್ಯ ಹತ್ತಿರ ಬಂದರೆ ಇದ್ದದ್ದೂ ಹೋಗುತ್ತದೆ ಎಂದು ಅದು ಕಲಿಯುತ್ತದೆ. ತಿನ್ನುವಾಗ ತಟ್ಟೆಗೆ ಕೈ ಹಾಕಿ ಅಭ್ಯಾಸ ಮಾಡಿಸಿ ಎಂದು ಹೇಳುವವರೂ ಇದ್ದಾರೆ. ಅದೂ ಬೇಡ. ನಿಮ್ಮ ಊಟದ ತಟ್ಟೆಗೆ ಯಾರಾದರೂ ದಿನಾ ಕೈ ಹಾಕಿದರೆ ನಿಮಗೂ ರೇಗುತ್ತದೆ ತಾನೇ?

ಅದಲು ಬದಲು ಕಲಿಸಿ. ಕಿವಿ ನೋವು ಇಳಿದ ಮೇಲೆ, ಮನೆ ಶಾಂತವಾಗಿರುವ ಹೊತ್ತಿನಲ್ಲಿ. ಮೊದಲು ಅವನಿಗೆ ಅಷ್ಟೇನೂ ಆಸೆ ಇಲ್ಲದ ಒಂದು ಆಟಿಕೆ ಕೊಡಿ. ನಾಲ್ಕೈದು ಹೆಜ್ಜೆ ದೂರದಲ್ಲಿ ನಿಂತು, ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಚಿಕನ್ ಚೂರನ್ನು, ನೀವು ಸಸ್ಯಾಹಾರಿಗಳಾದರೆ ಪನೀರ್ ಚೂರನ್ನು, ಅವನ ಪಕ್ಕಕ್ಕೆ ಎಸೆಯಿರಿ. ಎಸೆದು ದೂರ ಹೋಗಿ. ಆಟಿಕೆ ಮುಟ್ಟಬೇಡಿ. ಹೀಗೆ ಕೆಲವು ದಿನ ಮಾಡಿದರೆ ನೀವು ಬರುವುದನ್ನು ಕಂಡು ಅವನೇ ಆಟಿಕೆ ಬಿಟ್ಟು ತಲೆ ಎತ್ತುತ್ತಾನೆ. ಆಗ ಒಂದು ಹೆಜ್ಜೆ ಹತ್ತಿರ ಬನ್ನಿ. "ಬಿಡು" ಎಂದು ಒಂದೇ ಸಲ, ಮೆಲುದನಿಯಲ್ಲಿ ಹೇಳಿ, ಚೂರನ್ನು ಮೂಗಿನ ಮುಂದೆ ಹಿಡಿಯಿರಿ. ಬಾಯಿ ತೆರೆದು ಬಿಟ್ಟ ಕೂಡಲೇ ಚೂರು ಕೊಡಿ. ಆಮೇಲೆ ಆ ಆಟಿಕೆಯನ್ನೂ ಅವನಿಗೇ ವಾಪಸ್ ಕೊಡಿ. ಈ ವಾಪಸ್ ಕೊಡುವುದನ್ನು ಬಹಳ ಜನ ಮರೆಯುತ್ತಾರೆ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ, ಇನ್ನೂ ಜಾಸ್ತಿ ಸಿಗುತ್ತದೆ ಎಂದು ಅವನಿಗೆ ಗೊತ್ತಾಗುವುದು ಅಲ್ಲೇ. ಅವನು ಹೆಚ್ಚು ಆಸೆಪಡುವ ವಸ್ತುಗಳಿಗೆ ಬರಲು ವಾರಗಳೇ ಬೇಕು, ಅವಸರ ಮಾಡಬೇಡಿ. ಅಲ್ಲಿಯವರೆಗೆ ಅವನು ಏನಾದರೂ ಎತ್ತಿಕೊಂಡು ಹೋದರೆ, ಅದು ಅಪಾಯದ್ದಲ್ಲವಾದರೆ, ಬಿಟ್ಟುಬಿಡಿ. ಅಪಾಯದ್ದಾದರೆ ಅಡುಗೆ ಮನೆಗೆ ಹೋಗಿ ಫ್ರಿಜ್ ಬಾಗಿಲು ತೆಗೆದು ಸದ್ದು ಮಾಡಿ, ಬೇರೆ ತಿನಿಸು ದೂರ ಚೆಲ್ಲಿ. ಒಣದ್ರಾಕ್ಷಿ ಹಾಕಿದ ಸಿಹಿಗಳು ನಾಯಿಯ ಮೂತ್ರಪಿಂಡಕ್ಕೆ ಕೆಡುಕು, ಹಬ್ಬದಲ್ಲಿ ಅವು ಎತ್ತರದಲ್ಲಿ ಇರಲಿ.

ಸೋಫಾಕ್ಕೂ ಇದೇ ಉಪಾಯ. ಬೆಲ್ಟ್ ಹಿಡಿದು ಎಳೆಯದೆ, ನೆಲದ ಮೇಲೆ ತಿನಿಸು ಹಾಕಿ "ಕೆಳಗೆ" ಅನ್ನಿ.

ಲಿಫ್ಟ್ ಮತ್ತು ಡೆಲಿವರಿ ಹುಡುಗರ ಸಮಸ್ಯೆ ಹಳೆಯದು, ಅದರ ಬೇರು ಬೇರೆ ಕಡೆ ಇದೆ. ನಲವತ್ತು ದಿನದ ಮರಿ ತಂದೆವು ಎಂದಿರಿ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ ಎಲ್ಲ ಕಡೆ ಮಾರುತ್ತಾರೆ, ಎಳೆಯ ಮರಿ ನೋಡಲು ಮುದ್ದು ಎಂದು ನಾವೂ ಕೊಳ್ಳುತ್ತೇವೆ. ಆ ಕೊನೆಯ ಎರಡು ಮೂರು ವಾರ ಮರಿ ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಎಷ್ಟು ಒತ್ತಿ ಕಚ್ಚಿದರೆ ಇನ್ನೊಂದು ಕಿರುಚುತ್ತದೆ, ಆಟ ನಿಲ್ಲುತ್ತದೆ ಎಂದು ಕಲಿಯುತ್ತದೆ. ಅದಲ್ಲದೆ, ಮರಿಗೆ ಸುಮಾರು ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗಿನ ವಯಸ್ಸು ಬಹಳ ಮುಖ್ಯ. ಆಗ ನೋಡಿದ್ದು, ಕೇಳಿದ್ದು, ಮೂಸಿದ್ದು ಅದಕ್ಕೆ ಜೀವನಪೂರ್ತಿ ಮಾಮೂಲಾಗುತ್ತದೆ. ಆಗ ನೋಡದೇ ಇದ್ದದ್ದು ಮುಂದೆ ಹೆದರಿಕೆಯ ವಸ್ತುವಾಗಬಹುದು. ಬ್ರೂನೋಗೆ ಆ ವಯಸ್ಸಿನಲ್ಲಿ ಮನೆಯ ಜನ ಬಿಟ್ಟರೆ ಬೇರೆ ಯಾರೂ ಕಂಡಿಲ್ಲ, ಲಾಕ್‌ಡೌನ್ ತಾನೇ. ಕಂಡವರಿಗೂ ಮುಖಕ್ಕೆ ಮಾಸ್ಕ್. ಹೆಲ್ಮೆಟ್ ತೊಟ್ಟು, ರೇನ್‌ಕೋಟ್ ಹಾಕಿ, ಬೆನ್ನಿಗೆ ದೊಡ್ಡ ಪೆಟ್ಟಿಗೆ ಹೊತ್ತ ಮನುಷ್ಯ ಕಿರಿದಾದ ಲಿಫ್ಟ್‌ನಲ್ಲಿ ಎದುರಾದರೆ ಬ್ರೂನೋಗೆ ಹಿಂದೆ ಸರಿಯಲು ಜಾಗವೇ ಇಲ್ಲ. ಹೆದರಿದ ನಾಯಿ ಓಡಲಾಗದಿದ್ದರೆ ಮುಂದೆ ಹಾರುತ್ತದೆ. ಹಾರಿದಾಗ ಆ ಹುಡುಗ ಹಿಂದೆ ಸರಿಯುತ್ತಾನೆ. ಉಪಾಯ ಫಲಿಸಿತು, ಮುಂದಿನ ಸಲವೂ ಅದನ್ನೇ ಮಾಡುತ್ತದೆ.

ಸದ್ಯಕ್ಕೆ ಲಿಫ್ಟ್‌ನಲ್ಲಿ ಬೇರೆಯವರಿದ್ದರೆ ಹತ್ತಬೇಡಿ. ಬೆಳಿಗ್ಗೆ ಬೇಗ, ರಾತ್ರಿ ತಡವಾಗಿ ಹೋಗಿ, ಅವನ ಸೊಂಟ ಚೆನ್ನಾಗಿದ್ದರೆ ಮೆಟ್ಟಿಲು ಬಳಸಿ. ಬಾಗಿಲು ತೆರೆಯುವಾಗ ಅವನು ನಿಮ್ಮ ಹಿಂದೆ ಇರಲಿ. ಕುತ್ತಿಗೆ ಬಿಗಿಯುವ ಸರಪಳಿ ಇದ್ದರೆ ತೆಗೆದುಹಾಕಿ, ಎದೆಗೆ ಬರುವ ಹಾರ್ನೆಸ್ ಹಾಕಿ. ಕುತ್ತಿಗೆ ಜಗ್ಗಿದಾಗಲೆಲ್ಲ ನೋವಾದರೆ, ಆ ಮನುಷ್ಯನನ್ನು ಕಂಡಾಗಲೆಲ್ಲ ನೋವು ಎಂದು ಅವನು ಕೂಡಿಸಿಕೊಳ್ಳುತ್ತಾನೆ. ತಿದ್ದುವ ಕೆಲಸ ಸೊಸೈಟಿಯ ಗೇಟ್ ಹತ್ತಿರ ಮಾಡಬೇಕು, ದೂರದಿಂದ. ಡೆಲಿವರಿ ಬೈಕ್‌ಗಳು ಬಂದುಹೋಗುವುದು ಕಾಣುವಷ್ಟು, ಆದರೆ ಬ್ರೂನೋ ನೋಡಿಯೂ ತಿನಿಸು ತಿನ್ನುವಷ್ಟು ದೂರ. ಹುಡುಗ ಕಂಡ ಕೂಡಲೇ ಚಿಕನ್ ಚೂರು, ಅವನು ಮರೆಯಾದ ಕೂಡಲೇ ಚೂರು ಬಂದ್. ಬ್ರೂನೋ ತಿನ್ನಲು ಒಲ್ಲೆ ಅಂದರೆ ನೀವು ತೀರಾ ಹತ್ತಿರ ಇದ್ದೀರಿ, ಹಿಂದೆ ಹೋಗಿ. ದಿನಕ್ಕೆ ಐದು ಹತ್ತು ನಿಮಿಷ ಸಾಕು. ಹೆಲ್ಮೆಟ್ ಕಂಡ ಕೂಡಲೇ ಅವನು ತಿರುಗಿ ನಿಮ್ಮ ಮುಖ ನೋಡಲು ಶುರುಮಾಡಿದರೆ ಕೆಲಸ ಆಗುತ್ತಿದೆ.

ಒಂದು ಬಾಯಿಕುಕ್ಕೆಯನ್ನೂ ತನ್ನಿ. ಅಂಗಡಿಯಲ್ಲಿ ಬಾಸ್ಕೆಟ್ ಮಜಲ್ ಎಂದು ಕೇಳಿ. ಬಟ್ಟೆಯದು ಬೇಡ, ಅದು ಬಾಯಿ ಬಿಗಿದುಬಿಡುತ್ತದೆ. ನಾಯಿ ಮೈಯ ಬಿಸಿಯನ್ನು ಬಾಯಿ ತೆರೆದು ಏದುಸಿರು ಬಿಟ್ಟು ಕಳೆಯುತ್ತದೆ, ಈ ಸೆಕೆಯಲ್ಲಿ ಬಾಯಿ ಕಟ್ಟಿದರೆ ಪ್ರಾಣಕ್ಕೇ ಕುತ್ತು. ಬುಟ್ಟಿಯಂಥದ್ದರಲ್ಲಿ ನೀರು ಕುಡಿಯಬಹುದು, ತಿನಿಸೂ ತಿನ್ನಬಹುದು. ಮೊದಲ ದಿನವೇ ಕಟ್ಟಬೇಡಿ. ಒಳಗೆ ಪನೀರ್ ಸವರಿ ಅವನೇ ಮೂತಿ ಹಾಕಲಿ. ಅವನು ತಾನಾಗಿ ಮೂತಿ ತೂರಿಸಿ ನಿಲ್ಲುವವರೆಗೆ ಪಟ್ಟಿಗೆ ಕೈ ಹಾಕಬೇಡಿ.

ಬೀಜ ತೆಗೆಸಿದರೆ ಸರಿಹೋಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಅಲೆಯುವುದು, ಬೇರೆ ಗಂಡುನಾಯಿಗಳ ಜೊತೆ ಜಗಳ ಕಡಿಮೆಯಾಗಬಹುದು. ಭಯದಿಂದ, ನೋವಿನಿಂದ ಬರುವ ಸಿಟ್ಟು ಅದರಿಂದ ಹೋಗುವುದಿಲ್ಲ. ಬ್ರೂನೋಗೆ ಈಗ ಅದು ಮೊದಲ ಕೆಲಸವಲ್ಲ. ಲ್ಯಾಬ್ರಡಾರ್ ಕಚ್ಚುವುದೇ ಇಲ್ಲವಂತೆ ಎಂದು ನೆಂಟರು ಹೇಳಿರಬಹುದು. 2022ರಲ್ಲಿ ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ನಾಯಿ ನಾಯಿಗಳ ನಡುವಿನ ಗುಣದ ವ್ಯತ್ಯಾಸದಲ್ಲಿ ತಳಿಯ ಪಾಲು ಶೇಕಡಾ 9 ಮಾತ್ರ ಎಂದು ಕಂಡುಬಂತು. ಯಾವ ತಳಿಯೂ ಕಚ್ಚುವುದಿಲ್ಲ ಎಂಬ ಗ್ಯಾರಂಟಿ ಇಲ್ಲ. ಚಿಕ್ಕ ಮಕ್ಕಳನ್ನು ಯಾವ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬಾರದು.

ಸೊಸೈಟಿಯ ನೋಟಿಸ್‌ಗೆ ಹೆದರಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಸಾಕುನಾಯಿಯನ್ನು ಇಟ್ಟುಕೊಳ್ಳಬಾರದು, ಲಿಫ್ಟ್ ಬಳಸಬಾರದು ಎಂದು ಸೊಸೈಟಿಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಹಾಗೆಯೇ, ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಲಿಫ್ಟ್‌ನಲ್ಲಿ ಹೆದರಿದವರ ಭಯವೂ ನಿಜವಾದದ್ದೇ. ಸೆಕ್ರೆಟರಿಗೆ ಒಂದು ಪತ್ರ ಬರೆಯಿರಿ: ಚಿಕಿತ್ಸೆ ನಡೆಯುತ್ತಿದೆ, ಲಸಿಕೆ ಆಗಿದೆ, ಕಾಮನ್ ಜಾಗದಲ್ಲಿ ಬಾಯಿಕುಕ್ಕೆ ಹಾಕುತ್ತೇವೆ, ಬೇರೆಯವರು ಇರುವಾಗ ಲಿಫ್ಟ್ ಹತ್ತುವುದಿಲ್ಲ. ಪಶುವೈದ್ಯರ ಚೀಟಿ ಮತ್ತು ಪಾಲಿಕೆಯ ಲೈಸೆನ್ಸ್ ಪ್ರತಿ ಜೊತೆಗಿಡಿ. ವಾಚ್‌ಮನ್‌ಗೂ ಹೇಳಿ, ಅವರ ಸಹಾಯ ಬಹಳ ಬೇಕಾಗುತ್ತದೆ.

ಬಿಟ್ಟು ಬರುವ ಮಾತು ಮನೆಯಲ್ಲಿ ಮತ್ತೆ ಬಂದರೆ ದಯವಿಟ್ಟು ತಡೆಯಿರಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಫ್ಲ್ಯಾಟ್‌ನಲ್ಲಿ ಬೆಳೆದ, ಕಿವಿ ನೋವಿರುವ, ಹೆದರಿದ ನಾಯಿ ಬೀದಿಯಲ್ಲಿ ಬದುಕುವುದಿಲ್ಲ. ಊರಿನ ತೋಟಕ್ಕೆ ಕಳಿಸಿದರೆ ಅಲ್ಲಿ ಸರಪಳಿಗೆ ಬಿದ್ದು ಇನ್ನೊಬ್ಬರಿಗೆ ಕಚ್ಚುತ್ತದೆ. ಕೆಲವು ನಾಯಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ನಿಜಕ್ಕೂ ಅಪಾಯ, ಅದನ್ನು ನಾನು ಮುಚ್ಚಿಡುವುದಿಲ್ಲ. ಕಾರಣವಿಲ್ಲದೆ, ಮತ್ತೆ ಮತ್ತೆ, ಬಿಡದೆ ಆಳವಾಗಿ ಕಚ್ಚುವ ನಾಯಿಗಳ ಮಾತು ಬೇರೆ. ಬ್ರೂನೋ ಒಂದು ಸಲ ಕಚ್ಚಿ ಬಿಟ್ಟಿದ್ದಾನೆ, ಕಾರಣ ಕಣ್ಣಿಗೆ ಕಾಣುತ್ತಿದೆ. ಕಿವಿ ಗುಣವಾಗಿ ಒಂದೂವರೆ, ಎರಡು ತಿಂಗಳಾದರೂ ಭಯ ಇಳಿಯದಿದ್ದರೆ ನಡವಳಿಕೆ ತಿಳಿದ ಪಶುವೈದ್ಯರನ್ನು ನೋಡಿ. ಫ್ಲುಯಾಕ್ಸೆಟಿನ್‌ನಂಥ ಔಷಧಿಗಳಿವೆ, ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ಬೇಕು, ವೈದ್ಯರು ಹೇಳದೆ ಕೊಡಬಾರದು, ನಿಲ್ಲಿಸಲೂಬಾರದು. ಟ್ರೇನರ್ ಬೇಕಿದ್ದರೆ ಮೊದಲೇ ಒಂದು ಪ್ರಶ್ನೆ ಕೇಳಿ: "ನಾಯಿ ತಪ್ಪು ಮಾಡಿದರೆ ನೀವು ಏನು ಮಾಡುತ್ತೀರಿ?" ಜಗ್ಗುವುದು, ಕೆಡವುವುದು, ಕರೆಂಟ್ ಕಾಲರ್ ಎಂದರೆ ಅಲ್ಲಿಂದಲೇ ವಾಪಸ್ ಕಳಿಸಿ.

ಮಾವನವರಿಗೆ ಈಗ ಭಯ ಇರುತ್ತದೆ, ಬ್ರೂನೋಗೂ ಅವರ ಭಯ ಇರಬಹುದು. ಇಬ್ಬರನ್ನೂ ರಾಜಿ ಮಾಡಿಸಲು ಹೋಗಬೇಡಿ. ಮಾವನವರು ಅವನನ್ನು ನೋಡದೆ, ಮಾತಾಡಿಸದೆ, ಹಾದುಹೋಗುವಾಗ ಒಂದು ಚೂರು ನೆಲಕ್ಕೆ ಹಾಕಲಿ, ಅಷ್ಟು ಸಾಕು. ತಲೆ ಸವರುವುದು ಬೇಡ. ಅವನಾಗಿ ಹತ್ತಿರ ಬಂದರೆ ಎದೆಯ ಪಕ್ಕ ಎರಡು ಸಲ ಕೆರೆದು ಕೈ ತೆಗೆಯಲಿ. ಇನ್ನೂ ಬೇಕಿದ್ದರೆ ಬ್ರೂನೋನೇ ಒತ್ತಿಕೊಂಡು ಬರುತ್ತಾನೆ.

ದೀಪಾವಳಿ ದೂರವಿಲ್ಲ, ಅದಕ್ಕೆ ಈಗಲೇ ತಯಾರಿ ಬೇಕು. ಒಳಗಿನ ಒಂದು ಕೋಣೆ ಅವನಿಗೆ ಬಿಟ್ಟುಕೊಡಿ, ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಜೋರಾಗಿ ಹಾಕಿ, ಅವನ ಹಾಸಿಗೆ ನೀರು ಅಲ್ಲೇ ಇಡಿ. ಇಂದಿನಿಂದಲೇ ದಿನಾ ಸ್ವಲ್ಪ ಹೊತ್ತು ಅಲ್ಲಿ ತಿನಿಸು ಕೊಟ್ಟು ರೂಢಿ ಮಾಡಿಸಿ. ವಾಕಿಂಗ್ ಕತ್ತಲಾಗುವ ಮೊದಲೇ ಮುಗಿಸಿ. ನೆಂಟರು ಬಂದಾಗ ಅವನು ಆ ಕೋಣೆಯಲ್ಲಿ, ಬಾಗಿಲಿಗೆ ಚಿಲಕ, ಚಿಲಕದ ಮೇಲೆ "ತೆರೆಯಬೇಡಿ" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಚೀಟಿ. ಪಟಾಕಿಗೆ ಅವನು ನಡುಗುವವನಾದರೆ ಅದಕ್ಕೂ ಔಷಧಿ ಇದೆ. ಕಿವಿ ಮರುಪರೀಕ್ಷೆಗೆ ಹೋದಾಗಲೇ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಹಬ್ಬಕ್ಕೆ ಮೊದಲೇ ಒಂದು ದಿನ ಕೊಟ್ಟು ಅದು ಅವನಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು.